ಇನ್ನೊಬ್ಬ ಡಾಕ್ಟರನ್ನೂ ಕೇಳೋಣ

ನಾಟಿ ಹಾಕುವವರನ್ನು ಕೇಳಿ. ಕಳೆ ಕೀಳುವವರನ್ನು ಕೇಳಿ. ಇಟ್ಟಿಗೆ ಹೊರುವವರು, ಬೀಡಿ ಕಟ್ಟುವವರು, ದಿನವೆಲ್ಲಾ ಬಸ್ಸು ಓಡಿಸುವವರು, ಎಲ್ಲರದೂ ಒಂದೇ ಮಾತು. "ಸೊಂಟ ನೋವು ಕಣಪ್ಪ, ಬಿಡ್ತಾನೇ ಇಲ್ಲ."

ಕೆಲವರಿಗೆ ಈ ನೋವು ವಾರದಲ್ಲಿ ಹೋಗುತ್ತದೆ. ಕೆಲವರಿಗೆ ಒಂದೂವರೆ ತಿಂಗಳು ಬೇಕು. ಮೂರು ತಿಂಗಳು ದಾಟಿದರೂ ಇದ್ದರೆ ಅದು ಹಳೇ ನೋವು. ಈ ಪಾಠ ಹಳೇ ನೋವಿನ ಬಗ್ಗೆ. ಒಬ್ಬ ಡಾಕ್ಟರು ಒಂದು ಮಾತು ಹೇಳಿದರು. ನಮ್ಮ ಮನಸ್ಸಿಗೆ ಅನುಮಾನ ಬಂತು. ಆಗ ಏನು ಮಾಡಬೇಕು?

ನಮ್ಮ ಅಕ್ಷರ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಹೆಸರು ಬೇಡ. ಅಕ್ಕ ಅಂತಲೇ ಕರೆಯೋಣ. ವಯಸ್ಸು 42. ಅವರಿಗೆ ಇಪ್ಪತ್ತು ಗುಂಟೆ ಗದ್ದೆ ಇದೆ. ಕೂಲಿಗೂ ಹೋಗುತ್ತಾರೆ. ನಾಲ್ಕು ವರ್ಷದಿಂದ ಅವರಿಗೆ ಸೊಂಟ ನೋವು. ಮೊದಮೊದಲು ಸಂಜೆ ಮಾತ್ರ ಬರುತ್ತಿತ್ತು. ಆಮೇಲೆ ಬೆಳಗ್ಗೆ ಏಳುವಾಗಲೂ ಬಂತು. ಆಮೇಲೆ ಬಲಗಾಲಿಗೆ ಇಳಿಯಿತು. ಕೇಂದ್ರದಲ್ಲಿ ಚಾಪೆ ಮೇಲೆ ಕೂತರೆ ಕಾಲು ಗಂಟೆಗೆ ಎದ್ದು ಬಿಡುತ್ತಿದ್ದರು. ಗೋಡೆಗೆ ಒರಗಿ, ನಿಂತುಕೊಂಡೇ ಸ್ಲೇಟಿನಲ್ಲಿ ಬರೆಯುತ್ತಿದ್ದರು.

ಎಣ್ಣೆ ತಿಕ್ಕಿಸಿದ್ದಾಯಿತು. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿದ್ದಾಯಿತು. ಪಕ್ಕದ ಊರಿನಲ್ಲಿ ಒಬ್ಬರು ಸೂಜಿ ಹಾಕುತ್ತಾರೆ. ಅವರು ಓದಿದ ಡಾಕ್ಟರೋ ಅಲ್ಲವೋ ಯಾರಿಗೂ ಗೊತ್ತಿಲ್ಲ. ಅವರ ಹತ್ತಿರವೂ ಹೋಗಿದ್ದಾಯಿತು. ಸೂಜಿ ಹಾಕಿದರೆ ಎರಡು ದಿನ ಹಗುರ. ಮೂರನೇ ದಿನ ಮತ್ತೆ ಅದೇ ನೋವು.

ಕೊನೆಗೆ ಪಟ್ಟಣದ ಒಂದು ಖಾಸಗಿ ಆಸ್ಪತ್ರೆಗೆ ಹೋದರು. ಅಲ್ಲಿ ಎಂ.ಆರ್.ಐ. ಸ್ಕ್ಯಾನಿಂಗ್ ಮಾಡಿಸಿದರು. ಡಾಕ್ಟರು ಫಿಲಂ ಅನ್ನು ಬೆಳಕಿಗೆ ಹಿಡಿದು ನೋಡಿದರು. "ಡಿಸ್ಕ್ ಜರುಗಿದೆ. ನರ ಒತ್ತುತ್ತಿದೆ. ಆಪರೇಷನ್ ಆಗಬೇಕು. ಒಂದೂವರೆ ಲಕ್ಷ ಆಗುತ್ತೆ. ಮುಂದಿನ ವಾರ ಬಂದು ಸೇರಿಕೊಳ್ಳಿ" ಅಂದರು. ಅಷ್ಟೇ. ಐದು ನಿಮಿಷದಲ್ಲಿ ಮಾತು ಮುಗಿಯಿತು. ಅಕ್ಕನ ಕಾಲನ್ನು ಅವರು ಮುಟ್ಟಿಯೂ ನೋಡಲಿಲ್ಲ.

ಮನೆಯಲ್ಲಿ ರಾತ್ರಿಯೆಲ್ಲಾ ಅದೇ ಮಾತು. ದುಡ್ಡು ಎಲ್ಲಿಂದ ತರುವುದು? "ಗದ್ದೇನ ಭೋಗ್ಯಕ್ಕೆ ಹಾಕೋಣ" ಅಂದರು ಅಕ್ಕನ ಗಂಡ. ಇಪ್ಪತ್ತು ಗುಂಟೆಯೂ ಕೈ ಬಿಟ್ಟರೆ ಮನೆಗೆ ಅಕ್ಕಿ ಎಲ್ಲಿಂದ? ಮಗ ಪಿ.ಯು.ಸಿ. ಓದುತ್ತಿದ್ದ. "ನಾನು ಕಾಲೇಜು ಬಿಟ್ಟು ಗಾರ್ಮೆಂಟ್ಸಿಗೆ ಹೋಗ್ತೀನಿ" ಅಂದ.

ಮಾರನೇ ದಿನ ಅಕ್ಕ ಕೇಂದ್ರಕ್ಕೆ ಬಂದರು. ಸ್ಕ್ಯಾನಿಂಗ್ ಕವರನ್ನು ನನ್ನ ಮುಂದೆ ಇಟ್ಟರು.

"ಟೀಚರಮ್ಮ, ಇದರಲ್ಲಿ ಏನು ಬರೆದವ್ರೆ, ಓದಿ ಹೇಳಿ."

"ಅಕ್ಕ, ನನಗೆ ಇಂಗ್ಲಿಷ್ ಅಕ್ಷರ ಓದೋಕೆ ಬರುತ್ತೆ. ಆದರೆ ನಾನು ಡಾಕ್ಟರಲ್ಲ. ಇದನ್ನ ಇನ್ನೊಬ್ಬ ಡಾಕ್ಟರಿಗೆ ತೋರಿಸೋಣ್ವಾ?"

"ಅಯ್ಯೋ, ಅವರಿಗೆ ಗೊತ್ತಾದ್ರೆ ಬೈಯಲ್ವಾ? ಆಮೇಲೆ ನನ್ನ ನೋಡೋದೇ ಇಲ್ಲ ಅಂದ್ರೆ?"

"ನೀವು ಹಸ ತರುವಾಗ ಏನ್ ಮಾಡ್ತೀರಿ?"

"ಹಲ್ಲು ನೋಡ್ತೀವಿ. ಕೆಚ್ಚಲು ನೋಡ್ತೀವಿ. ನಡೆಸಿ ನೋಡ್ತೀವಿ. ಗೊತ್ತಿರೋ ನಾಲ್ಕು ಜನರನ್ನ ಕೇಳ್ತೀವಿ."

"ಹಸಕ್ಕೇ ನಾಲ್ಕು ಜನ ಬೇಕು. ನಿಮ್ಮ ಬೆನ್ನಿಗೆ ಇಬ್ಬರು ಬೇಡ್ವಾ?"

ಅಕ್ಕ ನಕ್ಕರು. ಆದರೆ ಭಯ ಹೋಗಲಿಲ್ಲ. ಅದು ಅವರೊಬ್ಬರ ಭಯ ಅಲ್ಲ. ಓದಿದವರಿಗೂ ಡಾಕ್ಟರ ಮುಂದೆ ಬಾಯಿ ಕಟ್ಟುತ್ತದೆ. ಹಾಗಾಗಿ ಕಾನೂನು ಏನು ಹೇಳುತ್ತದೆ ಅಂತ ಅವತ್ತು ಎಲ್ಲರೂ ಕೂತು ಓದಿದೆವು.

ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳುವುದು ರೋಗಿಯ ಹಕ್ಕು. 2018ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರೋಗಿಗಳ ಹಕ್ಕುಗಳ ಪಟ್ಟಿ ಮಾಡಿತು. 2019ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅದನ್ನು ಎಲ್ಲಾ ರಾಜ್ಯಗಳಿಗೆ ಕಳಿಸಿತು. ಆ ಪಟ್ಟಿಯಲ್ಲಿ ಈ ಹಕ್ಕೂ ಇದೆ. ಬೇರೆಯವರನ್ನು ಕೇಳಿದರು ಅಂತ ರೋಗಿಯನ್ನು ಕೀಳಾಗಿ ನೋಡಬಾರದು ಅಂತಲೂ ಅದರಲ್ಲಿದೆ.

ಇನ್ನೊಂದು ನಿಯಮ ಇದಕ್ಕಿಂತ ಹಳೆಯದು. ಅದು ಡಾಕ್ಟರುಗಳ ನಡತೆಯ ಬಗ್ಗೆ 2002ರಲ್ಲಿ ಬಂದದ್ದು. ರೋಗಿ ತನ್ನ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ಅದು ಹೇಳುತ್ತದೆ. 72 ಗಂಟೆ ಅಂದರೆ ಮೂರು ದಿನ. ಹಾಗಾಗಿ ಕಾಗದ ಕೇಳಲು ಅಂಜಬೇಡಿ. ಸ್ಕ್ಯಾನಿಂಗಿಗೆ ದುಡ್ಡು ಕೊಟ್ಟವರು ನೀವು. ಬೆನ್ನೂ ನಿಮ್ಮದೇ.

ಡಾಕ್ಟರ ಹತ್ತಿರ ಜಗಳ ಆಡಬೇಕಿಲ್ಲ. ಹೀಗೆ ಹೇಳಿದರೆ ಸಾಕು. "ಸಾರ್, ಮನೆಯವರ ಜೊತೆ ಮಾತಾಡಿ ಬರ್ತೀನಿ. ಇನ್ನೊಬ್ಬರಿಗೂ ಒಂದು ಸಲ ತೋರಿಸಬೇಕು ಅಂತಿದೆ. ರಿಪೋರ್ಟು, ಚೀಟಿ ಎಲ್ಲಾ ಕೊಡಿ." ಒಳ್ಳೆಯ ಡಾಕ್ಟರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಬೇಜಾರು ಮಾಡಿಕೊಂಡರೆ ಇನ್ನೊಬ್ಬರನ್ನು ಕೇಳಲು ಅದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಈಗ ಬೆನ್ನಿನ ಬಗ್ಗೆ ಸ್ವಲ್ಪ ತಿಳಿಯೋಣ.

ನಮ್ಮ ಬೆನ್ನಿನಲ್ಲಿ ಮೂಳೆಯ ಮಣಿಗಳಿವೆ. ಕುತ್ತಿಗೆಯಿಂದ ಸೊಂಟದವರೆಗೆ 24 ಮಣಿಗಳು. ಒಂದರ ಮೇಲೆ ಒಂದು ಜೋಡಿಸಿದ ಹಾಗೆ ಇವೆ. ಮಣಿ ಮಣಿಯ ನಡುವೆ ಮೆತ್ತನೆಯ ಗಾದಿ ಇದೆ. ಅದೇ ಡಿಸ್ಕ್. ಸಿಹಿ ಕಡುಬು ನೆನಪು ಮಾಡಿಕೊಳ್ಳಿ. ಹೊರಗೆ ಗಟ್ಟಿ, ಒಳಗೆ ಮೆತ್ತನೆಯ ಹೂರಣ. ಕಡುಬನ್ನು ಒತ್ತಿದರೆ ಒಂದು ಕಡೆ ಉಬ್ಬುತ್ತದೆ. ಜಾಸ್ತಿ ಒತ್ತಿದರೆ ಹೂರಣ ಹೊರಗೆ ಬರುತ್ತದೆ. ಡಿಸ್ಕ್ ಕೂಡ ಹಾಗೇ. ಹೊರಗೆ ಬಂದದ್ದು ಪಕ್ಕದ ನರಕ್ಕೆ ತಾಗಿದರೆ ನೋವು ಕಾಲಿಗೆ ಇಳಿಯುತ್ತದೆ. "ಡಿಸ್ಕ್ ಜರುಗಿದೆ" ಅನ್ನುವುದು ಇದಕ್ಕೇ. ಬಿಲ್ಲೆ ಜಾರಿದ ಹಾಗೆ ಅದು ಎಲ್ಲಿಗೂ ಜಾರುವುದಿಲ್ಲ.

ಇಲ್ಲಿ ಒಂದು ವಿಷಯ ಚೆನ್ನಾಗಿ ಗೊತ್ತಿರಬೇಕು. ಸ್ಕ್ಯಾನಿನಲ್ಲಿ ಉಬ್ಬು ಕಂಡ ಮಾತ್ರಕ್ಕೆ ನೋವಿಗೆ ಅದೇ ಕಾರಣ ಅಂತಲ್ಲ. ನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನಿಂಗ್ ಲೆಕ್ಕವನ್ನು ಒಟ್ಟು ಹಾಕಿ 2015ರಲ್ಲಿ ಪ್ರಕಟಿಸಿದರು. ಅದರಲ್ಲಿ 40 ವರ್ಷದವರಲ್ಲಿ ನೂರಕ್ಕೆ 50 ಜನರ ಡಿಸ್ಕ್ ಉಬ್ಬಿತ್ತು. 50 ವರ್ಷದವರಲ್ಲಿ ನೂರಕ್ಕೆ 60 ಜನರದು ಉಬ್ಬಿತ್ತು. ಅವರಿಗೆ ಯಾರಿಗೂ ನೋವಿರಲಿಲ್ಲ! ಕೂದಲು ನರೆತ ಹಾಗೆ ಡಿಸ್ಕೂ ಸವೆಯುತ್ತದೆ. ಆದ್ದರಿಂದ ಡಾಕ್ಟರು ಫಿಲಂ ನೋಡಿದರೆ ಸಾಲದು. ನಮ್ಮನ್ನೂ ನೋಡಬೇಕು. ಹೊರಗೆ ಬಂದ ಡಿಸ್ಕಿನ ಭಾಗ ಎಷ್ಟೋ ಜನರಲ್ಲಿ ಕೆಲವು ತಿಂಗಳಲ್ಲಿ ತಾನೇ ಕುಗ್ಗುವುದೂ ಉಂಟು.

ಅಕ್ಕ ಮೊದಲು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರು. ಅಲ್ಲಿಯ ಡಾಕ್ಟರು ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಜೊತೆಗೆ ನಾನೂ ಹೋದೆ. ಹೆಣ್ಣುಮಕ್ಕಳಿಗೆ ಈಗ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲವಲ್ಲ. ಹೋಗಿ ಬರುವ ಖರ್ಚು ಇರಲಿಲ್ಲ. ಆದರೆ ಅವತ್ತಿನ ಕೂಲಿ ಹೋಯಿತು. ಸಾಲಿನಲ್ಲಿ ಮೂರು ಗಂಟೆ ನಿಂತೆವು. ಅದನ್ನು ಮುಚ್ಚಿಡುವುದು ಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಬೇಕಾಗುತ್ತದೆ. ಬುತ್ತಿ ತೆಗೆದುಕೊಂಡೇ ಹೋಗಿ.

ಮೂಳೆ ಡಾಕ್ಟರು ಅಕ್ಕನನ್ನು ಮಾತಾಡಿಸಿದರು. ಹಿಮ್ಮಡಿ ಮೇಲೆ ನಡೆಸಿದರು. ತುದಿಗಾಲಿನ ಮೇಲೆ ನಡೆಸಿದರು. ಮಲಗಿಸಿ ಕಾಲನ್ನು ನೇರವಾಗಿ ಮೇಲಕ್ಕೆ ಎತ್ತಿದರು. ಮಂಡಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಪಾದ ಮುಟ್ಟಿ, "ಗೊತ್ತಾಗುತ್ತಾ ಅಮ್ಮ?" ಅಂದರು. ಮೂತ್ರ, ಮಲ ಸರಿಯಾಗಿ ಆಗುತ್ತಾ ಅಂತ ಕೇಳಿದರು. ಜ್ವರ ಬರುತ್ತಾ, ತೂಕ ಇಳಿದಿದೆಯಾ ಅಂತಲೂ ಕೇಳಿದರು. ಇಷ್ಟೆಲ್ಲಾ ಆದ ಮೇಲೆ ಫಿಲಂ ನೋಡಿದರು.

"ಡಿಸ್ಕ್ ಉಬ್ಬಿರೋದು ನಿಜ. ಆ ಡಾಕ್ಟರು ಸುಳ್ಳು ಹೇಳಿಲ್ಲ" ಅಂದರು. "ಆದರೆ ನಿಮ್ಮ ಕಾಲಿನ ಬಲ ಸರಿಯಾಗಿದೆ. ಸ್ಪರ್ಶ ಸರಿಯಾಗಿದೆ. ಆಪರೇಷನ್ ಮಾಡೋದು ಮುಖ್ಯವಾಗಿ ನರ ಒತ್ತಿ ಬರೋ ಕಾಲು ನೋವಿಗೆ. ಬರೀ ಸೊಂಟ ನೋವಿಗೆ ಅದರಿಂದ ಅಷ್ಟು ಗುಣ ಸಿಗಲ್ಲ. ನಿಮಗೆ ಸೊಂಟ ನೋವೇ ಜಾಸ್ತಿ. ಈಗ ಅವಸರ ಇಲ್ಲ. ಮೂರು ತಿಂಗಳು ವ್ಯಾಯಾಮ ಮಾಡಿ. ಕಾಲಿನ ಬಲ ಕಡಿಮೆ ಆದ್ರೆ, ನೋವು ತಡೆಯೋಕೆ ಆಗದೆ ಹೋದ್ರೆ ಆಗ ಆಪರೇಷನ್ ಮಾತಾಡೋಣ."

ಅಕ್ಕ ಸೊಂಟದ ಪಟ್ಟಿ ತೋರಿಸಿದರು. ಅದಕ್ಕೂ ದುಡ್ಡು ಕೊಟ್ಟಿದ್ದರು. ಡಾಕ್ಟರು ಅದನ್ನು ಬಿಡಿಸಿದರು. ಹಳೇ ಸೊಂಟ ನೋವಿಗೆ ಏನು ಮಾಡಬೇಕು, ಏನು ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ತಿಳಿಸಿದೆ. ಅದರಲ್ಲಿ ವ್ಯಾಯಾಮ ಬೇಕು ಅಂತಿದೆ. ಸೊಂಟದ ಪಟ್ಟಿ ಬೇಡ, ತೂಕ ಕಟ್ಟಿ ಎಳೆಯುವುದು ಬೇಡ ಅಂತಿದೆ. ದಿನಗಟ್ಟಲೆ ಹಾಸಿಗೆ ಹಿಡಿದು ಮಲಗಿದರೂ ಬೆನ್ನಿನ ಬಲ ಕುಗ್ಗುತ್ತದೆ.

ಮೇಲಿನ ಕೋಣೆಯಲ್ಲಿ ಫಿಸಿಯೋಥೆರಪಿಯವರು ಅಕ್ಕನಿಗೆ ವ್ಯಾಯಾಮ ಕಲಿಸಿದರು. ಅದನ್ನು ಇಲ್ಲಿ ಬರೆದಿಲ್ಲ. ಅಕ್ಕನ ಬೆನ್ನಿಗೆ ಹೊಂದುವುದು ನಿಮ್ಮ ಬೆನ್ನಿಗೆ ಹೊಂದದೇ ಇರಬಹುದು. ನೀವೂ ನೋಡಿಸಿಕೊಂಡೇ ಕಲಿಯಿರಿ.

ಈಗ ನಾಲ್ಕು ತಿಂಗಳಾಗಿದೆ. ನೋವು ಪೂರ್ತಿ ಹೋಯಿತಾ? ಇಲ್ಲ. ಅರ್ಧ ಕಡಿಮೆಯಾಗಿದೆ ಅಂತಾರೆ ಅಕ್ಕ. ದೊಡ್ಡ ಕೊಡದ ಬದಲು ಎರಡು ಸಣ್ಣ ಬಿಂದಿಗೆಯಲ್ಲಿ ನೀರು ತರುತ್ತಾರೆ. ಹುಲ್ಲಿನ ಹೊರೆ ಈಗ ಗಂಡ ಹೊರುತ್ತಾರೆ. (ಮೊದಲೇ ಹೊರಬಹುದಿತ್ತು!) ಗದ್ದೆ ಭೋಗ್ಯಕ್ಕೆ ಹೋಗಲಿಲ್ಲ. ಮಗ ಕಾಲೇಜಿಗೆ ಹೋಗುತ್ತಿದ್ದಾನೆ. ಕೇಂದ್ರದಲ್ಲಿ ಅಕ್ಕ ಒಂದು ಗಂಟೆ ಕೂತು ಬರೆಯುತ್ತಾರೆ.

ಇದನ್ನು ಓದಿ, "ಎರಡನೇ ಡಾಕ್ಟರು ಯಾವಾಗಲೂ ಆಪರೇಷನ್ ಬೇಡ ಅಂತಾರೆ" ಅಂದುಕೊಳ್ಳಬೇಡಿ. ಅದು ತಪ್ಪು.

ಪಕ್ಕದ ಕೇಂದ್ರದಲ್ಲಿ ಗಾರೆ ಕೆಲಸದ ಒಬ್ಬ ಅಣ್ಣ ಇದ್ದಾರೆ. ಅವರಿಗೆ ಸೂಜಿ ಹಾಕುವವರು, "ಇದು ವಾಯು, ಮಲಗಿಕೋ, ಹೋಗುತ್ತೆ" ಅಂದಿದ್ದರು. ಒಂದು ದಿನ ಎರಡೂ ಕಾಲು ಸೋತವು. ಕೂರುವ ಜಾಗದಲ್ಲಿ ಜೋಮು ಹಿಡಿಯಿತು. ಬೆಳಗ್ಗೆಯಿಂದ ಮೂತ್ರ ಬರಲಿಲ್ಲ. ಆಶಾ ಕಾರ್ಯಕರ್ತೆ ಬಂದು ನೋಡಿದರು. ಕೂಡಲೇ 108ಕ್ಕೆ ಫೋನ್ ಮಾಡಿದರು. ದೊಡ್ಡಾಸ್ಪತ್ರೆಯ ಡಾಕ್ಟರು, "ಇವತ್ತೇ ಆಪರೇಷನ್ ಆಗಬೇಕು, ನಾಳೆ ಅನ್ನೋ ಹಾಗಿಲ್ಲ" ಅಂದರು. ರಾತ್ರಿಯೇ ಮಾಡಿದರು. ಅಣ್ಣ ಈಗ ನಡೆಯುತ್ತಾರೆ. ಅವರ ವಿಷಯದಲ್ಲಿ ಎರಡನೇ ಡಾಕ್ಟರು ಆಪರೇಷನ್ ಬೇಕು ಅಂದರು. ಅದರಿಂದಲೇ ಅವರ ಕಾಲು ಉಳಿಯಿತು.

ಹೀಗಾಗಿ ಈ ಕೆಳಗಿನ ಮಾತನ್ನು ಎರಡು ಸಲ ಓದಿ. ಮನೆಯವರಿಗೂ ಓದಿ ಹೇಳಿ.

ಮೂತ್ರ ಕಟ್ಟಿದರೆ, ಅಥವಾ ಗೊತ್ತಿಲ್ಲದೆ ಮೂತ್ರ, ಮಲ ಹೋದರೆ, ಕೂರುವ ಜಾಗದಲ್ಲಿ ಸ್ಪರ್ಶ ಹೋದರೆ, ಕಾಲಿನ ಬಲ ಹೋಗುತ್ತಾ ಬಂದರೆ ಕಾಯಬೇಡಿ. ಆಗ ಇನ್ನೊಬ್ಬರನ್ನು ಕೇಳುತ್ತಾ ತಿರುಗುವ ಸಮಯ ಅಲ್ಲ. ಅದೇ ದಿನ, ಅದೇ ಗಂಟೆ ದೊಡ್ಡ ಆಸ್ಪತ್ರೆಗೆ ಹೋಗಿ. ಮರದಿಂದ ಬಿದ್ದು ಬೆನ್ನಿಗೆ ಪೆಟ್ಟಾದರೂ ಹಾಗೇ ಮಾಡಿ.

ಬೆನ್ನು ನೋವಿನ ಜೊತೆ ಸಂಜೆ ಜ್ವರ ಬಂದರೆ, ತೂಕ ಇಳಿದರೆ, ರಾತ್ರಿ ಮಲಗಿದರೂ ನೋವು ಬಿಡದಿದ್ದರೆ ಬೇಗ ತೋರಿಸಿ. ಕ್ಷಯ ರೋಗ ಎದೆಗೆ ಮಾತ್ರ ಬರುವುದಿಲ್ಲ. ಬೆನ್ನು ಮೂಳೆಗೂ ಬರುತ್ತದೆ. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ. ಮೊದಲು ಕ್ಯಾನ್ಸರ್ ಆಗಿದ್ದವರೂ ತಡ ಮಾಡಬಾರದು.

ಎರಡನೇ ಡಾಕ್ಟರು ಎಲ್ಲಿ ಸಿಗುತ್ತಾರೆ? ಮೊದಲಿನ ಆಸ್ಪತ್ರೆಯವರೇ ಆಗದಿದ್ದರೆ ಒಳ್ಳೆಯದು. ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ, ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇವೆ. ಮೈಸೂರಿನ ಕಡೆಯವರಿಗೆ ಕೆ.ಆರ್. ಆಸ್ಪತ್ರೆ ಇದೆ. ಹುಬ್ಬಳ್ಳಿ ಕಡೆಯವರಿಗೆ ಜನ ಕಿಮ್ಸ್ ಅನ್ನುವ ಆಸ್ಪತ್ರೆ ಇದೆ. ಬೆಂಗಳೂರಿನ ಜಯನಗರದಲ್ಲಿ ಮೂಳೆಗೆ ಸಂಜಯ ಗಾಂಧಿ ಆಸ್ಪತ್ರೆ ಇದೆ. ನರದ ಕಾಯಿಲೆಗೆ ನಿಮ್ಹಾನ್ಸ್ ಇದೆ. ಅಷ್ಟು ದೂರ ಹೋಗಲು ಆಗದಿದ್ದರೆ ನಿಮ್ಮ ಆರೋಗ್ಯ ಕೇಂದ್ರದಲ್ಲಿ ಇ-ಸಂಜೀವಿನಿ ಬಗ್ಗೆ ಕೇಳಿ. ಅದರಲ್ಲಿ ಫೋನಿನ ಪರದೆ ಮೇಲೆ ಡಾಕ್ಟರ ಜೊತೆ ಮಾತಾಡಬಹುದು. ದುಡ್ಡಿಲ್ಲ. ಆದರೆ ಪರದೆ ಮೇಲೆ ಕಾಲು ಎತ್ತಿ, ಮುಟ್ಟಿ ನೋಡಲು ಆಗುವುದಿಲ್ಲ. ಆಪರೇಷನ್ ಮಾತು ಬಂದಿದ್ದರೆ ಎದುರಿಗೆ ಹೋಗಿ ತೋರಿಸುವುದೇ ಸರಿ.

ಆಪರೇಷನ್ ಬೇಕೇ ಬೇಕು ಅಂತ ಆದರೂ ಗದ್ದೆ ಮಾರುವ ಮೊದಲು ಒಂದು ಮಾತು ಕೇಳಿ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಅಂತ ಒಂದು ಯೋಜನೆ ಇದೆ. 2018ರಲ್ಲಿ ಶುರುವಾಯಿತು. ಬಿ.ಪಿ.ಎಲ್. ಕಾರ್ಡಿನ ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಅವರೇ ಬೇರೆ ಕಡೆಗೆ ಬರೆದು ಕೊಡುತ್ತಾರೆ. ಪಡಿತರ ಚೀಟಿ, ಆಧಾರ್ ಕಾರ್ಡು ಜೊತೆಗಿರಲಿ.

ಇಬ್ಬರು ಡಾಕ್ಟರು ಎರಡು ಥರ ಹೇಳಿದರೆ ಮೂರನೆಯವರನ್ನು ಕೇಳಬಹುದು. "ಯಾಕೆ ಹಾಗೆ ಹೇಳ್ತೀರಿ?" ಅಂತ ಇಬ್ಬರನ್ನೂ ಕೇಳಿ. ಕಾರಣ ಬಿಡಿಸಿ ಹೇಳಿದವರ ಮಾತಿಗೆ ಬೆಲೆ ಜಾಸ್ತಿ. ಆದರೆ ಏಳು ಜನ, ಎಂಟು ಜನ ಅಂತ ಸುತ್ತಬೇಡಿ. ನಮಗೆ ಬೇಕಾದ ಮಾತು ಸಿಗುವ ತನಕ ಡಾಕ್ಟರನ್ನು ಬದಲಾಯಿಸುವವರೂ ಇದ್ದಾರೆ. ಅದರಿಂದ ದುಡ್ಡೂ ಹೋಗುತ್ತದೆ, ದಿನವೂ ಹೋಗುತ್ತದೆ.

ಹೋಗುವಾಗ ಏನು ತೆಗೆದುಕೊಂಡು ಹೋಗಬೇಕು? ಹಳೇ ಚೀಟಿಗಳು, ಎಕ್ಸ್‌ರೇ, ಸ್ಕ್ಯಾನಿಂಗ್ ಫಿಲಂ, ಅದರ ರಿಪೋರ್ಟು. ಅಕ್ಕ ಫಿಲಂ ಅನ್ನು ಸುರುಳಿ ಸುತ್ತಿ ಸೂರಿಗೆ ಸಿಕ್ಕಿಸಿದ್ದರು. ಮಡಚಬೇಡಿ, ಒಲೆಯ ಹತ್ತಿರ ಇಡಬೇಡಿ. ಫಿಲಂ ಚೆನ್ನಾಗಿದ್ದರೆ ಮತ್ತೊಮ್ಮೆ ಸ್ಕ್ಯಾನಿಂಗ್ ಖರ್ಚು ಬರದೇ ಇರಬಹುದು.

ನುಂಗಿದ ಮಾತ್ರೆಗಳ ಖಾಲಿ ಹಾಳೆಯನ್ನೂ ತೆಗೆದುಕೊಂಡು ಹೋಗಿ. ಅಂಗಡಿ ಮಾತ್ರೆ, ನಾಟಿ ಔಷಧಿ, ಪುಡಿ, ಎಲ್ಲವನ್ನೂ ತೋರಿಸಿ. ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು. ಮೂತ್ರಪಿಂಡ ಕೆಡಬಹುದು. ಹೆಸರಿಲ್ಲದ ಪುಡಿಗಳಲ್ಲಿ ಕೆಲವು ಸಲ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಅದು ಬೇಗ ಆರಾಮ ಕೊಡುತ್ತದೆ, ನಿಧಾನಕ್ಕೆ ಮೂಳೆ ಸವೆಸುತ್ತದೆ. ಆದರೆ ಬಹಳ ದಿನ ತಿಂದಿದ್ದರೆ ನೀವೇ ಥಟ್ಟನೆ ನಿಲ್ಲಿಸಬೇಡಿ. ಡಾಕ್ಟರಿಗೆ ಹೇಳಿ.

ಡಾಕ್ಟರ ಮುಂದೆ ಮೊದಲು ನಿಮ್ಮ ನೋವು ಹೇಳಿ. ಆಮೇಲೆ ಮೊದಲಿನ ಡಾಕ್ಟರ ಕಾಗದ ಕೊಡಿ. ಆಗ ಅವರು ನಿಮ್ಮನ್ನು ತಮ್ಮ ಕಣ್ಣಿನಿಂದ ನೋಡುತ್ತಾರೆ. ಆದರೆ ಏನನ್ನೂ ಮುಚ್ಚಿಡಬೇಡಿ.

ಒಳಗೆ ಹೋದ ಮೇಲೆ ಅರ್ಧ ಮಾತು ಮರೆತು ಹೋಗುತ್ತದೆ. ಅದಕ್ಕೇ ಬರೆದುಕೊಂಡು ಹೋಗಬೇಕು. ಜಿಲ್ಲಾ ಆಸ್ಪತ್ರೆಗೆ ಹೋಗುವ ಹಿಂದಿನ ರಾತ್ರಿ ಅಕ್ಕ ಒಂದು ಚೀಟಿ ಬರೆದರು. ಅದು ಅವರು ಕೇಂದ್ರದ ಹೊರಗೆ, ತಮ್ಮ ಕೆಲಸಕ್ಕೆ ಬರೆದ ಮೊದಲ ಬರಹ. ನಾನು ಒಂದಕ್ಷರವನ್ನೂ ತಿದ್ದಲಿಲ್ಲ. ಡಾಕ್ಟರು ಅದನ್ನು ಪೂರ್ತಿ ಓದಿದರು. ಒಂದೊಂದು ಪ್ರಶ್ನೆಗೂ ಉತ್ತರ ಹೇಳಿದರು. ಚೀಟಿ ಹೀಗಿತ್ತು.

ವಯಸು 42.
ನೋವು ಸುರುವಾಗಿ 4 ವರ್ಸ.
ಎಲ್ಲಿ ನೋವು - ಸೊಂಟ. ಬಲಗಾಲು ಹಿಂದೆ, ಮೀನಖಂಡದ ತನಕ.
ಯಾವಾಗ ಜಾಸ್ತಿ - ಬಗ್ಗಿದರೆ, ಕೂತರೆ.
ಯಾವಾಗ ಕಡಿಮೆ - ನಡೆದರೆ, ಮಲಗಿದರೆ.
ಔಸದಿ - ಅಂಗಡಿ ಮಾತ್ರೆ ದಿನಾ 2. ಸೂಜಿ ತಿಂಗಳಿಗೆ 1.
ಕೇಳಬೇಕು - ಆಪರೇಸನ್ ಈಗಲೇ ಬೇಕಾ.
ಮಾಡಿಸದಿದ್ದರೆ ಏನು ಆಗುತ್ತೆ.
ಬೇರೆ ದಾರಿ ಇದೆಯಾ.
ಮಾಡಿಸಿದರೆ ಎಸ್ಟು ದಿನ ಕೆಲಸ ಬಿಡಬೇಕು.
ನೋವು ಮತ್ತೆ ಬರುತ್ತಾ.

ಓದಿ, ಮಾತಾಡಿ

ಎರಡು ಆಸ್ಪತ್ರೆಗಳಲ್ಲಿ ಅಕ್ಕನನ್ನು ನೋಡಿದ ರೀತಿಯಲ್ಲಿ ಏನು ವ್ಯತ್ಯಾಸ ಇತ್ತು?
ಗಾರೆ ಕೆಲಸದ ಅಣ್ಣನಿಗೆ ಕಂಡ ಅಪಾಯದ ಗುರುತು ಯಾವುವು?
ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ಯಾವ ವಾರ ಇರುತ್ತಾರೆ? ಆಶಾ ಕಾರ್ಯಕರ್ತೆಯನ್ನು ಕೇಳಿ ಬರೆದುಕೊಂಡು ಬನ್ನಿ.

ಬರೆಯಿರಿ

ನಿಮಗೆ, ಇಲ್ಲವೇ ನಿಮ್ಮ ಮನೆಯವರಿಗೆ ಯಾವ ನೋವಿದೆ? ಅಕ್ಕನ ಹಾಗೆ ಒಂದು ಚೀಟಿ ಬರೆಯಿರಿ. ತಪ್ಪಾದರೂ ಪರವಾಗಿಲ್ಲ.

ವಯಸ್ಸು ..........
ನೋವು ಶುರುವಾಗಿ ..........
ಎಲ್ಲಿ ನೋವು ..........
ಯಾವಾಗ ಜಾಸ್ತಿ ..........
ಯಾವಾಗ ಕಡಿಮೆ ..........
ತೆಗೆದುಕೊಂಡ ಔಷಧಿ ..........
ಡಾಕ್ಟರನ್ನು ಕೇಳಬೇಕಾದದ್ದು ..........